ಕುರ್ಚಿಯಿಂದ ಏಳುವ ಶಕ್ತಿ: ಹಿರಿಯರ ವ್ಯಾಯಾಮ ತರಗತಿಯೊಂದರಲ್ಲಿ ನಮ್ಮ ಆರು ತಿಂಗಳು

ನನ್ನ ತಂದೆಗೆ ಈಗ 76 ವರ್ಷ. ಪ್ರೌಢಶಾಲೆಯ ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದಾಗಿನಿಂದ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಡದಲ್ಲಿ ಬೆಳಗಿನ ನಡಿಗೆಯನ್ನು ಅವರು ತಪ್ಪಿಸಿದ ದಿನಗಳು ಬಹಳ ಕಡಿಮೆ. ಇಷ್ಟು ನಿಷ್ಠೆಯಿಂದ ನಡೆಯುವವರ ಆರೋಗ್ಯದ ಬಗ್ಗೆ ಚಿಂತಿಸುವ ಅಗತ್ಯವಿಲ್ಲ ಎಂದೇ ಮನೆಯವರೆಲ್ಲ ನಂಬಿದ್ದೆವು. ಕಳೆದ ವರ್ಷ ಬಂಧುಗಳ ಗೃಹಪ್ರವೇಶದಲ್ಲಿ ಚಾಪೆಯ ಮೇಲೆ ಪಂಕ್ತಿಯಲ್ಲಿ ಕುಳಿತು ಊಟ ಮುಗಿಸಿದ ಅಪ್ಪ ಮೇಲೇಳಲಾರದೆ ಹೋದಾಗ, ಅಕ್ಕಪಕ್ಕದ ಇಬ್ಬರು ತೋಳು ಹಿಡಿದು ಎತ್ತಬೇಕಾಯಿತು. ಅವರಿಗೆ ನೋವೇನೂ ಇರಲಿಲ್ಲ, ಕಾಲಿನಲ್ಲಿ ಬಲವಿರಲಿಲ್ಲ, ಅಷ್ಟೇ. ಅಂದಿನಿಂದ ಅವರು ಸಮಾರಂಭಗಳಿಗೆ ಹೋಗುವುದನ್ನೇ ಕಡಿಮೆ ಮಾಡಿದರು. ಕಾರಣ ಕೇಳಿದರೆ ಒಮ್ಮೆ ಬಿಸಿಲು, ಇನ್ನೊಮ್ಮೆ ದೂರ ಎನ್ನುತ್ತಿದ್ದರು.

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ 60 ವರ್ಷ ದಾಟಿದವರಿಗಾಗಿಯೇ ವಾರಕ್ಕೆ ಮೂರು ದಿನ ನಡೆಯುವ ವ್ಯಾಯಾಮ ತರಗತಿಗೆ ಅಪ್ಪನನ್ನೂ 71 ವರ್ಷದ ಅಮ್ಮನನ್ನೂ ಸೇರಿಸಿದ್ದು ಈ ಘಟನೆಯ ನಂತರ. ಫಿಸಿಯೋಥೆರಪಿ ಓದಿದ ಇಬ್ಬರು ಸೇರಿ ಇದನ್ನು ನಡೆಸುತ್ತಾರೆ. ಒಂದು ತರಗತಿಯ ಅವಧಿ 50 ನಿಮಿಷ, ಒಬ್ಬರಿಗೆ ತಿಂಗಳ ಶುಲ್ಕ 1,500 ರೂಪಾಯಿ. ಈ ಬರಹದಲ್ಲಿ ಕೆಲವು ಕೊರತೆಗಳನ್ನೂ ಹೇಳಬೇಕಿರುವುದರಿಂದ ತರಗತಿಯ ಹೆಸರನ್ನು ಬರೆಯುತ್ತಿಲ್ಲ. ನಿಮ್ಮ ಊರಿನಲ್ಲಿ ಇಂಥದೇ ಸೇವೆಯೊಂದನ್ನು ಆರಿಸುವಾಗ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದಕ್ಕೆ ನಮ್ಮ ಅನುಭವ ನೆರವಾಗಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ವ್ಯಾಯಾಮವನ್ನೇ ಮಾಡಿಸಲಿಲ್ಲ. ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿಕೊಂಡು ಸುಮಾರು ಮುಕ್ಕಾಲು ಗಂಟೆ ಮಾತನಾಡಿಸಿದರು. ಯಾವ ಯಾವ ಮಾತ್ರೆಗಳು, ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದದ್ದು, ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ದೀಪ ಹಾಕಿಕೊಳ್ಳುತ್ತೀರಾ, ಕನ್ನಡಕ ಬದಲಿಸಿ ಎಷ್ಟು ಕಾಲವಾಯಿತು ಎಂದೆಲ್ಲ ವಿಚಾರಿಸಿದ ಮೇಲೆ ಅವರು ಕೇಳಿದ ಕೊನೆಯ ಪ್ರಶ್ನೆ ನನಗೆ ಬಹಳ ಹಿಡಿಸಿತು: “ಮೊದಲು ಮಾಡುತ್ತಿದ್ದ, ಈಗ ಬಿಟ್ಟಿರುವ ಯಾವ ಕೆಲಸವನ್ನು ಮತ್ತೆ ಮಾಡಬೇಕೆಂದು ನಿಮಗೆ ಆಸೆಯಿದೆ?” ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಪಂಕ್ತಿಯಲ್ಲಿ ಕೂತು ಊಟ ಮಾಡಿ ಯಾರ ಸಹಾಯವೂ ಇಲ್ಲದೆ ಏಳಬೇಕು ಎಂದರು. ಅಮ್ಮ ಬಾಗಿಲ ಮುಂದೆ ತಾನೇ ರಂಗೋಲಿ ಹಾಕಬೇಕು ಎಂದರು. ಅದೇ ದಿನ ಸೇರಿದ ಇನ್ನೊಬ್ಬ ಹಿರಿಯರು ಸಿಟಿ ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಕಂಡಕ್ಟರ್ ಕೈಹಿಡಿಯುವಂತಾಗಬಾರದು ಎಂದರು. ಮುಂದಿನ ತಿಂಗಳುಗಳಲ್ಲಿ ಅವರವರ ವ್ಯಾಯಾಮವನ್ನು ಹೆಣೆದದ್ದು ಈ ಉತ್ತರಗಳ ಸುತ್ತಲೇ.

ಆಮೇಲೆ ಮೂರು ಸರಳ ಪರೀಕ್ಷೆಗಳು. ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು 30 ಸೆಕೆಂಡುಗಳಲ್ಲಿ ಎಷ್ಟು ಸಲ ಕುರ್ಚಿಯಿಂದ ಪೂರ್ತಿ ಎದ್ದು ಕೂರಬಲ್ಲರು ಎಂಬುದು ಮೊದಲನೆಯದು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಹಿಡಿಯುವ ಸಮಯ ಎರಡನೆಯದು. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ ಹತ್ತು ಸೆಕೆಂಡು ನಿಲ್ಲುವುದು ಮೂರನೆಯದು. ಬೀಳುವ ಅಪಾಯವನ್ನು ಅಳೆಯಲು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ವೈದ್ಯರಿಗೆ ಸೂಚಿಸುವ ಪರೀಕ್ಷೆಗಳೇ ಇವು. ಅದರ ಕೋಷ್ಟಕದಂತೆ 75ರಿಂದ 79ರ ವಯಸ್ಸಿನ ಗಂಡಸರು 30 ಸೆಕೆಂಡುಗಳಲ್ಲಿ 11 ಸಲಕ್ಕಿಂತ ಕಡಿಮೆ ಎದ್ದರೆ, 70ರಿಂದ 74ರ ಹೆಂಗಸರು 10 ಸಲಕ್ಕಿಂತ ಕಡಿಮೆ ಎದ್ದರೆ ಅದು ಸರಾಸರಿಗಿಂತ ಕೆಳಗೆ; ಎದ್ದು ನಡೆದು ಬಂದು ಕೂರಲು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಬೀಳುವ ಸಂಭವ ಜಾಸ್ತಿ. ಪ್ರತಿದಿನ ಕೆರೆಯ ದಡದಲ್ಲಿ ನಡೆಯುತ್ತಿದ್ದ ಅಪ್ಪ ಎದ್ದದ್ದು 8 ಸಲ, ನಡೆದು ಬರಲು ತೆಗೆದುಕೊಂಡದ್ದು ಹದಿನಾಲ್ಕೂವರೆ ಸೆಕೆಂಡು. ಮನೆಗೆಲಸದಲ್ಲಿ ದಿನವಿಡೀ ಓಡಾಡುವ ಅಮ್ಮ ಎದ್ದದ್ದು 9 ಸಲ.

ನಮ್ಮ ತಿಳಿವಳಿಕೆ ಎಲ್ಲಿ ತಪ್ಪಿತ್ತು ಎಂಬುದು ನನಗೆ ಅರ್ಥವಾದದ್ದು ಈ ಅಂಕಿಗಳಿಂದ. ನಡಿಗೆ ಹೃದಯಕ್ಕೆ, ಶ್ವಾಸಕೋಶಕ್ಕೆ, ಮನಸ್ಸಿಗೆ ಒಳ್ಳೆಯದು. ಅದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಸಮತಟ್ಟಾದ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆಯುವಾಗ ತೊಡೆಯ ಮುಂಭಾಗದ ಮತ್ತು ಸೊಂಟದ ಸ್ನಾಯುಗಳಿಗೆ ತಮ್ಮ ಪೂರ್ಣ ಬಲವನ್ನು ಹಾಕಬೇಕಾದ ಸಂದರ್ಭವೇ ಬರುವುದಿಲ್ಲ. ಬಳಸದ ಸ್ನಾಯು ವಯಸ್ಸಿನೊಂದಿಗೆ ಕರಗುತ್ತ ಹೋಗುತ್ತದೆ, ಹೊರಗಿನಿಂದ ಅದು ಬೇಗ ಕಾಣುವುದೂ ಇಲ್ಲ. ಇದಕ್ಕೆ ಸಾರ್ಕೋಪೀನಿಯಾ ಎಂಬ ಹೆಸರು ಬಂದದ್ದೇ 1989ರಲ್ಲಿ, ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿಯಿಂದ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರತಂದ ಮಾರ್ಗಸೂಚಿಯು 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ. ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, ಮೂರು ದಿನ ಸಮತೋಲನ ಮತ್ತು ಬಲ ಎರಡಕ್ಕೂ ಒತ್ತು ಕೊಡುವ ವ್ಯಾಯಾಮ ಬೇಕೆನ್ನುತ್ತದೆ. ನಮ್ಮ ಮನೆಗಳಲ್ಲಿ ಮೊದಲ ಮಾತು ಮಾತ್ರ ಎಲ್ಲರಿಗೂ ಗೊತ್ತು. “ದಿನಾ ವಾಕಿಂಗ್ ಮಾಡುತ್ತಾರೆ” ಎಂದು ಹೇಳಿ ನಾವೆಲ್ಲ ನೆಮ್ಮದಿಯಿಂದ ಇದ್ದುಬಿಡುತ್ತೇವೆ.

ತರಗತಿಯಲ್ಲಿ ದುಬಾರಿ ಯಂತ್ರಗಳಿಲ್ಲ. ತೋಳಿಲ್ಲದ ಗಟ್ಟಿ ಕುರ್ಚಿಗಳು, ರಬ್ಬರ್ ಪಟ್ಟಿಗಳು, ಪಾದದ ಮೇಲ್ಭಾಗಕ್ಕೆ ಕಟ್ಟುವ ಮರಳು ತುಂಬಿದ ಚೀಲಗಳು, ಬೇರೆ ಬೇರೆ ಎತ್ತರದ ಮರದ ಮೆಟ್ಟಿಲುಗಳು, ಅರ್ಧ ಲೀಟರ್ ನೀರಿನ ಬಾಟಲಿಗಳು, ಇಷ್ಟೇ. ಮೊದಲ ಹತ್ತು ನಿಮಿಷ ಕೈಕಾಲು ಸಡಿಲಿಸುವ ಚಲನೆ. ಆನಂತರ ಕುರ್ಚಿಯಿಂದ ಎದ್ದು ಕೂರುವುದು, ಕಾಲಿಗೆ ಭಾರ ಕಟ್ಟಿಕೊಂಡು ಮಂಡಿ ನೀಡುವುದು, ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಕೈಯೂರಿ ಎದೆಯನ್ನು ಗೋಡೆಯತ್ತ ತಂದು ಹಿಂದಕ್ಕೆ ತಳ್ಳುವುದು. ಕೊನೆಯ ಕಾಲು ಗಂಟೆ ಸಮತೋಲನಕ್ಕೆ: ಪಕ್ಕಕ್ಕೆ ನಡೆಯುವುದು, ಹಿಂದಕ್ಕೆ ನಡೆಯುವುದು, ಹೆಜ್ಜೆಗೆ ಹೆಜ್ಜೆ ತಾಗಿಸಿ ಗೆರೆಯ ಮೇಲೆ ನಡೆಯುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು. ಸೀರೆ ಉಡುವ ಹೆಂಗಸರಿಗೆ ಬೇರೆ ಉಡುಪಿನ ಒತ್ತಾಯವಿಲ್ಲ. ನೆರಿಗೆಯನ್ನು ಸ್ವಲ್ಪ ಮೇಲೆತ್ತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಾಡುವಂತೆ ಚಲನೆಗಳನ್ನು ಹೊಂದಿಸಿದ್ದಾರೆ. ಈ ಒಂದು ಅನುಕೂಲ ಇರದಿದ್ದರೆ ಅಮ್ಮ ಎರಡನೇ ದಿನವೇ ಬಿಟ್ಟುಬಿಡುತ್ತಿದ್ದರು.

ಇದೇ ಬಗೆಯ ವ್ಯಾಯಾಮಗಳನ್ನು ಆಧರಿಸಿದ ಕ್ರಮವೊಂದನ್ನು 1990ರ ದಶಕದಲ್ಲಿ ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು ರೂಪಿಸಿದರು. ಮನೆಯಲ್ಲೇ ಮಾಡಬಹುದಾದ ಬಲದ ಮತ್ತು ಸಮತೋಲನದ ವ್ಯಾಯಾಮಗಳಿಗೆ ನಡಿಗೆಯನ್ನು ಸೇರಿಸಿದ ಆ ಕ್ರಮವು ಅಲ್ಲಿನ ಅಧ್ಯಯನಗಳಲ್ಲಿ ವೃದ್ಧರು ಬೀಳುವುದನ್ನು ಸುಮಾರು ಶೇ. 35ರಷ್ಟು ಕಡಿಮೆ ಮಾಡಿತು. ನಮ್ಮ ತರಗತಿಯ ತರಬೇತುದಾರರು ಹಿರಿಯರಿಗೆ ಆಗಾಗ ಹೇಳುವ ಇನ್ನೊಂದು ಅಧ್ಯಯನ 1990ರಲ್ಲಿ ಬಾಸ್ಟನ್ನಿನಿಂದ ಪ್ರಕಟವಾದದ್ದು. ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ 90 ವರ್ಷದ, ಮೈಯಲ್ಲಿ ಶಕ್ತಿ ಉಡುಗಿದ್ದ ಹತ್ತು ಮಂದಿಗೆ ಎಂಟು ವಾರ ಭಾರ ಎತ್ತುವ ತರಬೇತಿ ಕೊಟ್ಟಾಗ ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. “ಇನ್ನು ಈ ವಯಸ್ಸಿನಲ್ಲಿ ಏನು ಮಹಾ” ಎಂದು ಅಪ್ಪ ಮೊದಲ ವಾರ ಹೇಳಿದಾಗ ತರಬೇತುದಾರರು, “ಮೇಷ್ಟ್ರೇ, ಅವರಿಗಿಂತ ನೀವು ಹದಿನಾಲ್ಕು ವರ್ಷ ಚಿಕ್ಕವರು” ಎಂದಿದ್ದರಂತೆ. ಅಪ್ಪ ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ.

ಭಾರವನ್ನು ಹೆಚ್ಚಿಸುತ್ತ ಹೋಗುವುದರಲ್ಲಿ ಇವರು ತೋರಿಸುವ ಎಚ್ಚರ ನನಗೆ ಮೆಚ್ಚುಗೆಯಾಯಿತು. ಬಹಳಷ್ಟು ಕಡೆ ವಯಸ್ಸಾದವರಿಗೆ ಕೈ ಬೀಸುವುದು, ಕುತ್ತಿಗೆ ತಿರುಗಿಸುವುದು, ಚಪ್ಪಾಳೆ ತಟ್ಟುವುದನ್ನಷ್ಟೇ ವರ್ಷಗಟ್ಟಲೆ ಮಾಡಿಸುತ್ತಾರೆ. ಅದರಿಂದ ಮನಸ್ಸಿಗೆ ಸಂತೋಷವಾಗಬಹುದು, ಆದರೆ ಸ್ನಾಯುವಿಗೆ ಕಷ್ಟವೆನಿಸದ ಹೊರತು ಅದು ಬೆಳೆಯುವುದಿಲ್ಲ. ಇಲ್ಲಿ ಹತ್ತು ಸಲ ಎತ್ತಿದ ಮೇಲೂ ಇನ್ನೂ ಹತ್ತು ಸಲ ಸಲೀಸಾಗಿ ಎತ್ತಬಲ್ಲೆ ಎಂದರೆ ಮುಂದಿನ ವಾರ ಅರ್ಧ ಕಿಲೋ ಹೆಚ್ಚು. ಅಪ್ಪ ಅರ್ಧ ಕಿಲೋದಿಂದ ಆರಂಭಿಸಿ ಈಗ ಎರಡೂವರೆ ಕಿಲೋಗೆ ಬಂದಿದ್ದಾರೆ. ಕುರ್ಚಿಯ ಮೇಲೆ ಮೊದಲು ಎರಡು ದಿಂಬುಗಳಿದ್ದವು, ಒಂದೊಂದಾಗಿ ತೆಗೆದರು. ಬಸ್ಸಿನ ಮೆಟ್ಟಿಲು ಹತ್ತಬೇಕೆಂದವರಿಗೆ 15 ಸೆಂಟಿಮೀಟರ್ ಮೆಟ್ಟಿಲಿನಿಂದ ಆರಂಭಿಸಿ ಈಗ 30 ಸೆಂಟಿಮೀಟರ್ ಎತ್ತರದ್ದನ್ನು ಹತ್ತಿಸುತ್ತಿದ್ದಾರೆ. ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆಂದು ಎಲ್ಲರಿಂದಲೂ ಗಟ್ಟಿಯಾಗಿ ಎಣಿಸುವಂತೆ ಮಾಡುತ್ತಾರೆ. ಕನ್ನಡದಲ್ಲಿ ಹದಿನೈದು ದನಿಗಳು ಒಟ್ಟಿಗೆ ಒಂದರಿಂದ ಹತ್ತರವರೆಗೆ ಎಣಿಸುವುದು ಆ ಭವನದ ಗೇಟಿನವರೆಗೂ ಕೇಳಿಸುತ್ತದೆ.

ನಾನು ಅತ್ಯಂತ ಬೆಲೆಯುಳ್ಳದ್ದೆಂದು ಎಣಿಸುವುದು ಮೂರನೇ ತಿಂಗಳಲ್ಲಿ ಕಲಿಸಿದ ಪಾಠವನ್ನು: ಬಿದ್ದ ಮೇಲೆ ಏಳುವ ವಿಧಾನ. ಬೀಳಬಾರದು ಎಂದು ಎಲ್ಲರೂ ಹೇಳುತ್ತಾರೆ, ಬಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಪೆಟ್ಟೇ ಆಗದಿದ್ದರೂ ಏಳಲು ತಿಳಿಯದೆ ನೆಲದ ಮೇಲೆ ಗಂಟೆಗಟ್ಟಲೆ ಬಿದ್ದಿರುವುದರಿಂದಲೇ ದೇಹ ತಣ್ಣಗಾಗಿ, ಬಾಯಾರಿ, ಒತ್ತಡಕ್ಕೆ ಸಿಕ್ಕಿದ ಸ್ನಾಯುಗಳು ಹಾಳಾಗಿ ತೊಂದರೆ ಬೆಳೆಯುತ್ತದೆ. ಮಕ್ಕಳು ಬೇರೆ ಊರಿನಲ್ಲಿರುವ ಮನೆಗಳಲ್ಲಿ ಇದು ದೊಡ್ಡ ವಿಷಯ. ಗಾಬರಿಯಿಂದ ತಕ್ಷಣ ಏಳಲು ಹೋಗದೆ ಒಂದೆರಡು ನಿಮಿಷ ಹಾಗೆಯೇ ಇದ್ದು ಕೈಕಾಲು ಅಲ್ಲಾಡಿಸಿ ನೋಡಬೇಕು. ಸೊಂಟದಲ್ಲಿ ಅಥವಾ ತೊಡೆಸಂದಿಯಲ್ಲಿ ಜೋರು ನೋವಿದ್ದರೆ, ಕಾಲು ಎಳೆದಂತೆ ತಿರುಗಿಕೊಂಡಿದ್ದರೆ ಏಳಲೇಬಾರದು, ಕೂಗಿ ಯಾರನ್ನಾದರೂ ಕರೆಯಬೇಕು. ನೋವಿಲ್ಲದಿದ್ದರೆ ಒಂದು ಮಗ್ಗುಲಿಗೆ ಹೊರಳಿ, ಮೊಣಕೈ ಊರಿ ಮೇಲೆದ್ದು, ಅಂಬೆಗಾಲಿಗೆ ಬಂದು, ಹತ್ತಿರದ ಗಟ್ಟಿಯಾದ ಕುರ್ಚಿ ಅಥವಾ ಮಂಚದವರೆಗೆ ಹೋಗಬೇಕು. ಎರಡೂ ಕೈಗಳನ್ನು ಅದರ ಮೇಲೆ ಊರಿ, ಬಲವಿರುವ ಕಾಲಿನ ಪಾದವನ್ನು ಮುಂದಿಟ್ಟು, ಕೈಕಾಲು ಎರಡರಿಂದಲೂ ಒತ್ತಿ ಎದ್ದು, ನಿಧಾನವಾಗಿ ತಿರುಗಿ ಕೂರಬೇಕು. ದಪ್ಪ ಜಮಖಾನೆ ಹಾಸಿ, ಪಕ್ಕದಲ್ಲಿ ಒಬ್ಬರು ನಿಂತು, ಇದನ್ನು ಒಬ್ಬೊಬ್ಬರಿಂದಲೂ ಹಂತಹಂತವಾಗಿ ಮಾಡಿಸಿದರು. ಮೊದಲ ಸಲ ಜಮಖಾನೆಯಿಂದ ತಾವಾಗಿ ಎದ್ದು ಕುರ್ಚಿಯಲ್ಲಿ ಕುಳಿತ ಅಪ್ಪನ ಮುಖವನ್ನು ನಾನು ಮರೆಯಲಾರೆ. ಗೃಹಪ್ರವೇಶದ ದಿನ ಅವರನ್ನು ಕಾಡಿದ್ದು ಬಲದ ಕೊರತೆಯಷ್ಟೇ ಆಗಿರಲಿಲ್ಲ. ಒಬ್ಬನೇ ಇದ್ದಾಗ ಹೀಗಾದರೆ ಗತಿಯೇನು ಎಂಬ ಭಯವೂ ಇತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಿದ್ದು ಆ ಸಂಜೆ.

ಅಮ್ಮನ ವಿಷಯದಲ್ಲಿ ತರಬೇತುದಾರರು ನೇರವಾಗಿ ಮಾತನಾಡಿದರು. ಎರಡೂ ಮಂಡಿಗಳಲ್ಲಿ ಸವೆತವಿರುವುದರಿಂದ ಕುಕ್ಕರಗಾಲಿನಲ್ಲಿ ಕೂತು ರಂಗೋಲಿ ಹಾಕುವ ಗುರಿಯನ್ನು ಇಟ್ಟುಕೊಳ್ಳುವುದು ಬೇಡ, ತೊಡೆಗೆ ಬಲ ಬಂದ ಮೇಲೆ ಎತ್ತರದ ಮಣೆಯ ಮೇಲೆ ಕೂತು ಹಾಕುವುದನ್ನು ರೂಢಿಸಿಕೊಳ್ಳೋಣ ಎಂದರು. ಬಡಗಿಯಿಂದ ಎಂಟಂಗುಲ ಎತ್ತರದ ಮಣೆಯೊಂದನ್ನು ಮಾಡಿಸಿದೆವು. ನಾಲ್ಕನೇ ತಿಂಗಳಿನಿಂದ ಅಮ್ಮ ವಾರಕ್ಕೆ ಎರಡು ಮೂರು ದಿನ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಾರೆ. ಮಂಡಿ ನೋವು ಪೂರ್ತಿ ಹೋಗಿದೆ ಎಂದು ನಾನು ಹೇಳಲಾರೆ, ಮೆಟ್ಟಿಲಿಳಿಯುವಾಗ ಈಗಲೂ ಇದೆ. ನೋವು ಬಂತೆಂದು ದಿನವಿಡೀ ಕೂತುಬಿಡುವುದು ಮಾತ್ರ ನಿಂತಿದೆ.

ಆರೋಗ್ಯದ ನಿಗಾ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡನೇ ವಾರ ಅಪ್ಪನ ರಕ್ತದೊತ್ತಡವನ್ನು ಕುಳಿತಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿದರು. ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದಿತ್ತು. ಇಷ್ಟು ಇಳಿದರೆ ಎದ್ದ ಕೂಡಲೇ ತಲೆಸುತ್ತಿ ಬೀಳಬಹುದು. ಅವರೇ ಮಾತ್ರೆಯ ವಿಷಯದಲ್ಲಿ ಕೈಹಾಕದೆ, ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟು ನಮ್ಮ ವೈದ್ಯರನ್ನು ಕಾಣಲು ಹೇಳಿದರು. ವೈದ್ಯರು ಬಿಪಿ ಮಾತ್ರೆಯ ಪ್ರಮಾಣವನ್ನೂ ಹೊತ್ತನ್ನೂ ಬದಲಿಸಿದರು. ಬೆಳಗ್ಗೆ ಏಳುವಾಗ ಮಂಚ ಹಿಡಿದು ನಿಲ್ಲುತ್ತಿದ್ದದ್ದನ್ನು ಅಪ್ಪ ಅಲ್ಲಿಯವರೆಗೆ ವಯಸ್ಸಿನ ಸಹಜ ಲಕ್ಷಣವೆಂದೇ ಭಾವಿಸಿದ್ದರು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ಅಮ್ಮನಿಗೆ ಖಾಲಿ ಹೊಟ್ಟೆಯಲ್ಲಿ ಬರಬಾರದೆಂದು ಮೊದಲೇ ಹೇಳಿದ್ದರು. ಸಕ್ಕರೆ ಅಂಶ ಇಳಿದವರಿಗೆಂದು ಗ್ಲೂಕೋಸ್ ಪುಡಿಯ ಡಬ್ಬಿ ಸದಾ ಮೇಜಿನ ಮೇಲಿರುತ್ತದೆ.

ಶುಕ್ರವಾರದ ತರಗತಿಯ ನಂತರ ಹೆಸರುಬೇಳೆ ಕೋಸಂಬರಿಯನ್ನೋ ಬೇಯಿಸಿದ ಕಡಲೆಕಾಳನ್ನೋ ಹಂಚುತ್ತಾರೆ. ವ್ಯಾಯಾಮ ಮಾಡಿದ ಸ್ನಾಯು ಬೆಳೆಯಲು ಪ್ರೋಟೀನ್ ಬೇಕು, ವಯಸ್ಸಾದವರ ಊಟದಲ್ಲಿ ಅನ್ನ ಉಳಿದು ಕಾಳು ಮೊಸರು ಕಡಿಮೆಯಾಗುತ್ತ ಹೋಗುತ್ತದೆ ಎಂಬುದನ್ನು ಹೀಗೆ ತಿನ್ನಿಸುತ್ತಲೇ ತಿಳಿಸುತ್ತಾರೆ. ಮನೆಯಲ್ಲಿ ಈಗ ವಾರಕ್ಕೆರಡು ದಿನ ಹುರುಳಿಕಾಳಿನ ಸಾರು ಮಾಡುತ್ತೇವೆ.

ಇನ್ನು ಕೊರತೆಗಳು. ನಾವು ಸೇರಿದಾಗ ಒಂದು ತಂಡದಲ್ಲಿ 12 ಜನರಿದ್ದರು. ಐದನೇ ತಿಂಗಳ ಹೊತ್ತಿಗೆ 19 ಆದರು. ಇಬ್ಬರೇ ತರಬೇತುದಾರರು ಒಂಟಿ ಕಾಲಿನಲ್ಲಿ ನಿಂತ 19 ಹಿರಿಯರನ್ನು ಸರಿಯಾಗಿ ಗಮನಿಸಲು ಸಾಧ್ಯವಿಲ್ಲ, ಅದರಲ್ಲೂ ಒಬ್ಬರು ರಜೆಯಲ್ಲಿದ್ದ ದಿನ. ಅಂಥ ಒಂದು ದಿನ ಬದಲಿಗೆ ಬಂದ ಕಿರಿಯ ತರಬೇತುದಾರರು ಯಾರ ಹಿನ್ನೆಲೆಯನ್ನೂ ನೋಡದೆ ಎಲ್ಲರಿಂದಲೂ ಒಂದೇ ವ್ಯಾಯಾಮ ಮಾಡಿಸಿದರು. ಅಮ್ಮನ ಮಂಡಿ ಊದಿಕೊಂಡು ಹತ್ತು ದಿನ ತರಗತಿ ತಪ್ಪಿತು. ದೂರು ಹೇಳಿದಾಗ ಕ್ಷಮೆ ಕೇಳಿದರು, ಪ್ರತಿಯೊಬ್ಬರ ಮಿತಿಗಳನ್ನು ಬರೆದ ಕಾರ್ಡನ್ನು ಕುರ್ಚಿಗೆ ತೂಗುಹಾಕುವ ಪದ್ಧತಿಯನ್ನೂ ತಂದರು. ಇದು ಮೊದಲ ದಿನದಿಂದಲೇ ಇರಬೇಕಿತ್ತು. ತಪ್ಪಿದ ಆ ದಿನಗಳ ಶುಲ್ಕವನ್ನು ಮಾತ್ರ ಮುಂದಕ್ಕೆ ಹೊಂದಿಸಲಿಲ್ಲ. ಮೂರು ತಿಂಗಳ ಹಣವನ್ನು ಒಟ್ಟಿಗೆ ಮುಂಗಡವಾಗಿ ಪಡೆಯುವವರು, ಕಾಯಿಲೆ ಬೀಳುವ ಸಂಭವ ಹೆಚ್ಚಿರುವ ವಯಸ್ಸಿನವರ ವಿಷಯದಲ್ಲಿ ಇಷ್ಟು ಬಿಗಿಯಾಗಿರುವುದು ನನಗೆ ಸರಿಯೆನಿಸುವುದಿಲ್ಲ.

ಭವನದ ನೆಲ ನುಣುಪಾದ ಗ್ರಾನೈಟ್. ಮಳೆಗಾಲದಲ್ಲಿ ಒದ್ದೆ ಚಪ್ಪಲಿಗಳಿಂದ ಬಾಗಿಲ ಬಳಿ ಜಾರುತ್ತದೆ. ಚಾಪೆ ಹಾಕಿದ್ದಾರೆ, ಆದರೆ ಅದರ ಅಂಚು ಮೇಲೆದ್ದು ಕಾಲಿಗೆ ತೊಡರುತ್ತದೆ. ಶೌಚಾಲಯಕ್ಕೆ ಒಂದು ಮೆಟ್ಟಿಲು ಇಳಿಯಬೇಕು, ಗೋಡೆಯಲ್ಲಿ ಹಿಡಿದುಕೊಳ್ಳಲು ಹಿಡಿಕೆಯಿಲ್ಲ. ಬೀಳದಂತೆ ಕಲಿಸುವ ಜಾಗದಲ್ಲಿಯೇ ಇದು ಹೀಗಿರುವುದು ನನ್ನನ್ನು ಬಹಳ ಯೋಚನೆಗೀಡು ಮಾಡಿತು. ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳ ಹಾಳೆ ಮೊದಲು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿತ್ತು. ನಾಲ್ಕೈದು ಮನೆಯವರು ಸೇರಿ ಕೇಳಿದ ಮೇಲೆ ದೊಡ್ಡ ಅಕ್ಷರಗಳ ಕನ್ನಡದ ಹಾಳೆ ಬಂತು. ಅದರ ಕರಡನ್ನು ತಿದ್ದಿಕೊಟ್ಟವರು ಅಪ್ಪ.

ವೆಚ್ಚದ ದೃಷ್ಟಿಯಿಂದ ನೋಡಿದರೆ, ಹಿಂದೊಮ್ಮೆ ಅಮ್ಮನ ಭುಜನೋವಿಗೆ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್‌ಗೆ ಒಂದು ಭೇಟಿಗೆ 600 ರೂಪಾಯಿ ಕೊಟ್ಟಿದ್ದೆವು. ಇಲ್ಲಿ ತಿಂಗಳಿಗೆ ಹನ್ನೆರಡು ತರಗತಿಗಳೆಂದರೆ ಒಂದಕ್ಕೆ 125 ರೂಪಾಯಿ. ಇಬ್ಬರಿಗೆ ತಿಂಗಳಿಗೆ 3,000 ರೂಪಾಯಿ ಎಂಬುದು ಪಿಂಚಣಿಯಲ್ಲಿ ಬದುಕುವ ಎಲ್ಲರ ಕೈಗೆಟಕುವ ಮೊತ್ತವಲ್ಲ ಎಂಬುದೂ ನಿಜ. ದಂಪತಿಗಳಿಗೆ ರಿಯಾಯಿತಿ ಕೊಡಬಹುದೆಂದು ನಾನು ಸೂಚಿಸಿದ್ದೇನೆ. ತೀರಾ ಅಶಕ್ತರಾದವರು, ಇತ್ತೀಚೆಗೆ ಮೂಳೆ ಮುರಿದವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು ಗುಂಪಿನ ತರಗತಿಗೆ ಬರುವ ಬದಲು ಮೊದಲು ಮನೆಯಲ್ಲಿಯೇ ಒಬ್ಬರಿಂದ ಕಲಿಯುವುದು ಕ್ಷೇಮ. ಇಂಥ ಇಬ್ಬರನ್ನು ಈ ತರಗತಿಯವರೇ ಹಾಗೆ ಹೇಳಿ ಕಳುಹಿಸಿದ್ದನ್ನು ನೋಡಿದ್ದೇನೆ.

ಆರು ತಿಂಗಳಾದ ಮೇಲೆ ಕಳೆದ ವಾರ ಪರೀಕ್ಷೆಗಳನ್ನು ಮತ್ತೆ ಮಾಡಿದರು. ಅಪ್ಪ 30 ಸೆಕೆಂಡುಗಳಲ್ಲಿ 12 ಸಲ ಎದ್ದರು, ಮೂರು ಮೀಟರ್ ನಡೆದು ಬಂದು ಕೂರಲು 11 ಸೆಕೆಂಡು ಸಾಕಾಯಿತು. ಅಮ್ಮ 11 ಸಲ ಎದ್ದರು. ಹಿಮ್ಮಡಿಗೆ ಬೆರಳು ತಾಗಿಸಿ ನಿಲ್ಲುವುದರಲ್ಲಿ ಅಪ್ಪ ಇನ್ನೂ ಏಳು ಸೆಕೆಂಡಿಗೆ ತೂಗಾಡುತ್ತಾರೆ, ಅದಕ್ಕೆ ಮನೆಯಲ್ಲಿ ಅಡುಗೆಮನೆಯ ಕಟ್ಟೆ ಹಿಡಿದು ದಿನಕ್ಕೆ ಎರಡು ಸಲ ಅಭ್ಯಾಸ ಮಾಡಲು ಹೇಳಿದ್ದಾರೆ. ಕೆರೆಯ ದಡದ ನಡಿಗೆ ಎಂದಿನಂತೆ ನಡೆದಿದೆ. ಮುಂದಿನ ಮೂರು ತಿಂಗಳ ಶುಲ್ಕವನ್ನು ಕಟ್ಟಿದ್ದೇವೆ. ಶೌಚಾಲಯದ ಗೋಡೆಗೆ ಹಿಡಿಕೆಯನ್ನೂ ಬಾಗಿಲ ಬಳಿ ಜಾರದ ಹಾಸನ್ನೂ ಈ ತಿಂಗಳೊಳಗೆ ಹಾಕಿಸುವುದಾಗಿ ಹೇಳಿದ್ದಾರೆ. ಹಾಕಿಸಿದರೋ ಇಲ್ಲವೋ ಎಂಬುದನ್ನು ನೋಡಿ ಇದೇ ಬರಹಕ್ಕೆ ಸೇರಿಸುತ್ತೇನೆ.